ಕೆಮ್ಮಿದರೆ ಕಪ್ಪಾಗುವ ಗಡ್ಡ

ಪದ್ಮಾಕ್ಷಣ್ಣ ಬಾಯಿ ತೆರೆಯುವ ಮೊದಲು ಎದುರಿಗಿದ್ದ ಗಾಜಿಗೆ ಉಂಗುರದಿಂದ ಬಡಿಯುತ್ತಿದ್ದರು. ಟಕ್, ಟಕ್, ಟಕ್. ಆಮೇಲೆ ಒಂದು ಕೆಮ್ಮು. ಆಮೇಲೆ ಜ್ಞಾನ. ಪುತ್ತಿಗೆಯ ಅವರ ಪೇಂಟಿನ ಅಂಗಡಿಯಲ್ಲಿ ಬಣ್ಣ ಬೆರೆಸುವುದು ನನ್ನ ಕೆಲಸ, ಮದುವೆಮನೆಗಳಲ್ಲಿ ಮಿಮಿಕ್ರಿ ನನ್ನ ಚಟ. ಎರಡರಲ್ಲೂ ಹೆಸರು ಮಾಡಲಿಲ್ಲ. ಆದರೆ ಈ ಉಂಗುರ-ಕೆಮ್ಮು-ಜ್ಞಾನದ ಐಟಂಗೆ ಮಾತ್ರ ಎಲ್ಲಿ ಹೋದರೂ ಚಪ್ಪಾಳೆ. ಅದು ನನ್ನ ಪ್ರತಿಭೆ ಅಂದುಕೊಂಡಿದ್ದೆ. ಊರಿನವರಿಗೆ ಅವರ ಮೇಲೆ ಅಷ್ಟು ಸಿಟ್ಟಿತ್ತು, ಅಷ್ಟೇ.

ಅವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು.

ಒಂದು ದಿನ ಮಂಗಳೂರಿನಿಂದ ಗಾಜಿನ ಪೆಟ್ಟಿಗೆಯಲ್ಲಿ ಬಿಯರ್ಡೆಡ್ ಡ್ರಾಗನ್ ಒಂದನ್ನು ತಂದರು. ಮೊಳದುದ್ದದ ಓತಿ, ಗಂಟಲಡಿ ಮುಳ್ಳುಮುಳ್ಳು ಗಡ್ಡ, ಮೈಯೆಲ್ಲ ಮಾಗಿದ ಕಿತ್ತಳೆ. ಗೋಡೆಗೆ ಬಣ್ಣ ಆರಿಸಲು ಬಂದಿದ್ದ ಕುಂಬ್ಡಾಜೆಯ ಗಿರಾಕಿಯೊಬ್ಬರು, “ಇದು ನಮ್ಮ ಬೇಲಿಯ ಓತಿಯೇ ಅಲ್ವಾ?” ಎಂದರು.

ಟಕ್, ಟಕ್, ಟಕ್. ಕೆಮ್ಮು. “ಬೇಲಿಯದ್ದು ಅಗ್ಗದ ಡಿಸ್ಟೆಂಪರ್. ಇದು ಆಸ್ಟ್ರೇಲಿಯಾದ ಹೊಳೆಯುವ ಎನಾಮೆಲ್ ಮಾರಾಯ.”

ಪೆಟ್ಟಿಗೆಯೊಂದಿಗೆ ಬಿಸಿ ಕೊಡುವ ದೀಪವೂ ಬಂದಿತ್ತು. ಅದನ್ನು ಕಿತ್ತು ಬದಿಗಿಟ್ಟು, ಓತಿಯನ್ನು ತಮ್ಮ ಏಸಿ ಕೋಣೆಗೆ ಸೇರಿಸಿದರು. ದೀಪ ಬೇಕಲ್ವಾ ಎಂದು ನಾನು ಕೇಳಿದೆ. “ಪೇಂಟ್ ಮಾರುವವನಿಗೆ ಹೇಳಿಕೊಡ್ಬೇಡ. ಬಿಸಿಲು ತಾಗಿದ್ರೆ ಯಾವ ಬಣ್ಣವೂ ಮಾಸ್ತದೆ.” ಅದು ಗೋಡೆಯಲ್ಲ, ಜೀವ, ತಣ್ಣಗಾದರೆ ಬಿಸಿ ಹೀರಲೆಂದು ಮೈ ಕಪ್ಪು ಮಾಡಿಕೊಳ್ಳುತ್ತದೆ ಎಂದು ಮಾರಿದವನು ಫೋನಿನಲ್ಲಿ ಬೇಡಿಕೊಂಡ. “ಅವ ಕರೆಂಟಿನವರ ಏಜೆಂಟ್,” ಎಂದು ಇವರು ಫೋನಿಟ್ಟರು.

ಮೈಯ ಕಿತ್ತಳೆ ಬೂದುಬಣ್ಣಕ್ಕೆ ತಿರುಗುತ್ತ ಬಂತು. ಆಗ ತುರಿದ ಕ್ಯಾರೆಟ್ ತಿನ್ನಿಸತೊಡಗಿದರು. ಒಳಗಿನಿಂದ ಸೆಕೆಂಡ್ ಕೋಟ್ ಅಂತೆ. ದಿನಾ ಬೆಳಿಗ್ಗೆ ಅದರ ಬೆನ್ನಿಗೆ ಶೇಡ್ ಕಾರ್ಡ್ ಹಿಡಿದು ತಾಳೆ ನೋಡುವರು. ಕಾರ್ಡಿನಲ್ಲಿ ಕಿತ್ತಳೆಯ ಸಾಲು ದಾಟಿ ಸಿಮೆಂಟಿನ ಸಾಲಿಗೆ ಬಂದ ಮೇಲೆ ಓತಿ ತಿನ್ನುವುದನ್ನೇ ಬಿಟ್ಟಿತು.

ಅವರಿಲ್ಲದ ಒಂದು ಮಧ್ಯಾಹ್ನ, ಪೇಂಟರುಗಳನ್ನು ನಗಿಸಲೆಂದು ಆ ಕೋಣೆಯಲ್ಲೇ ನನ್ನ ಐಟಂ ತೆಗೆದೆ. ಗಾಜಿಗೆ ಕೀಲಿಕೈಯಿಂದ ಟಕ್, ಟಕ್, ಟಕ್, ಕೆಮ್ಮು. ಓತಿಯ ಗಡ್ಡ ಉಬ್ಬಿ ಡಾಂಬರಿನಂತೆ ಕಪ್ಪಾಯಿತು. ನನ್ನ ಮಿಮಿಕ್ರಿಯನ್ನು ನಿಜವೆಂದು ನಂಬಿದ ಏಕೈಕ ಪ್ರೇಕ್ಷಕ. ಅರ್ಧ ಕಪ್ಪು ಚಳಿಯದ್ದು, ಇನ್ನರ್ಧ ಪದ್ಮಾಕ್ಷಣ್ಣನ ಭಯದ್ದು ಎಂದು ಆಗ ಗೊತ್ತಾಯಿತು.

ನಾನು ಸಾಕುತ್ತೇನೆ, ಕೊಡಿ ಎಂದು ಅವರನ್ನು ಕೇಳಿದೆ. “ಕೊಂಡೋಗು. ಇಲ್ಲಿ ಸತ್ರೆ ಅಂಗಡಿಯೆಲ್ಲ ನಾತ.”

ಮನೆಯಲ್ಲಿ ಆ ಬಿಸಿ ಕೊಡುವ ದೀಪ ಹಾಕಿದೆ, ಬೆಳಗಿನ ಎಳೆಬಿಸಿಲಿಗೆ ಟೆರೇಸಿನಲ್ಲಿ ಬಿಟ್ಟೆ. ಮೊದಲು ಒಂದು ಹುಳ ತಿಂದಿತು. ಆಮೇಲೆ ಪೊರೆ ಬಿಟ್ಟಿತು. ಪೊರೆಯಡಿ ಅದೇ ಹಳೆಯ ಕಿತ್ತಳೆ. ಹೆಮ್ಮೆ ತಡೆಯದೆ ಅದರ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಮರುದಿನವೇ ಪದ್ಮಾಕ್ಷಣ್ಣ ಹಾಜರು.

“ನೋಡಿದಿಯಾ? ನನ್ನ ಕ್ಯಾರೆಟ್ ಈಗ ಹಿಡಿದದ್ದು. ಕಾರಿಗೆ ಇಡು ಪೆಟ್ಟಿಗೆ.”

ಆ ಏಸಿ ಕೋಣೆಗೆ ಮತ್ತೆ ಹೋದರೆ ಅದು ಉಳಿಯುವುದಿಲ್ಲ. ಕೊಡುವುದಿಲ್ಲ ಎನ್ನಲು ನನ್ನದೇ ಆದ ಧ್ವನಿ ಬೇಕಿತ್ತು. ಊರಿನವರೆಲ್ಲರ ಧ್ವನಿ ಇಟ್ಟುಕೊಂಡಿದ್ದ ನನ್ನಲ್ಲಿ ಅದೊಂದು ಇರಲಿಲ್ಲ. ಪೆಟ್ಟಿಗೆಗೆ ಕೈ ಹಾಕಿದೆ.

ಅಷ್ಟರಲ್ಲಿ ಅವರು ಬಗ್ಗಿ, ಟಕ್, ಟಕ್, ಟಕ್ ಮಾಡಿ ಕೆಮ್ಮಿದರು. ಗಡ್ಡ ಉಬ್ಬಿತು. ನೋಡನೋಡುತ್ತ ಡಾಂಬರು.

ಪದ್ಮಾಕ್ಷಣ್ಣ ಹಿಂದೆ ಸರಿದರು. “ಎಂತದೋ ಫಂಗಸ್ ಉಂಟು ಇದಕ್ಕೆ. ಬಿಸಿಲಿಗಿಟ್ಟು ಹಾಳು ಮಾಡಿದೆ ನೀನು. ನೀನೇ ಇಟ್ಕೋ.”

ಓತಿಗೂ ಅವರಿಗೂ ಅದೇ ಕೊನೆಯ ಭೇಟಿ. ಆಮೇಲೆ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ದುಬೈಯಲ್ಲಿರುವ ಮಗನ ಮನೆಗೆ ಹೋದರು. ಅಲ್ಲಿಯ ಬಿಸಿಲಿಗೆ ಬುದ್ಧಿ ಹೇಳುತ್ತಿರಬೇಕು. ಮದುವೆಮನೆಗಳಲ್ಲಿ ಆ ಐಟಂಗೆ ಈಗಲೂ ಚಪ್ಪಾಳೆ ಬೀಳುತ್ತದೆ. ಮನೆಯಲ್ಲಿ ಮಾತ್ರ ಪ್ರಾಕ್ಟೀಸ್ ಬಂದ್. ನಿಜವಾಗಿ ಕೆಮ್ಮು ಬಂದರೂ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತೇನೆ.