ಚೆಂಡು ಏಳುವ ಮೊದಲೇ

ನಾನು ಚೆಂಡನ್ನು ಮೇಲಕ್ಕೆ ಎಸೆಯುವ ಮೊದಲು, ನೆಟ್ಟಿನ ಆಚೆ ನಿಂತ ಅವರ ಕೆಳತುಟಿ ತುಸುವೇ ಅಲುಗುತ್ತಿತ್ತು. ಆಮೇಲೆ ಮೆಲ್ಲಗೆ, ಯಾರನ್ನೋ ಸಂತೈಸುವ ದನಿಯಲ್ಲಿ ಹೇಳುತ್ತಿದ್ದರು: "ಹೊರಗ ಹೋಗತೈತಿ, ತಂಗಿ."

ಚೆಂಡು ಹೊರಗೇ ಹೋಗುತ್ತಿತ್ತು.

ದಾಂಡೇಲಿಯ ಮಿಲ್ಲಿನ ಕಾಲೊನಿಯಲ್ಲಿ ನಾನು ಆಡಿದ ಕೊನೆಯ ಟೆನಿಸ್ ಪಂದ್ಯ ಅದು. ತಿಂಗಳ ಕೊನೆಗೆ ಅಪ್ಪ ನಿವೃತ್ತರಾಗುವವರಿದ್ದರು. ಆಮೇಲೆ ಕ್ವಾರ್ಟರ್ಸೂ ಇಲ್ಲ, ಕ್ಲಬ್ಬಿನ ಕೋರ್ಟೂ ಇಲ್ಲ. ಗೆದ್ದವರು ಮರುದಿನವೇ ಧಾರವಾಡದ ಪಂದ್ಯಾವಳಿಗೆ ಹೊರಡಬೇಕಿತ್ತು. ಓದು ಮುಗಿಸಿ ಮನೆಯಲ್ಲಿದ್ದ ನನಗೆ ಆಟದಲ್ಲಿ ಉಳಿಯಲು ಅದೊಂದೇ ದಾರಿ. ಎದುರಿಗಿದ್ದವರು ಹೊಸದಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ. ಎಷ್ಟು ಓಡಿದರೂ ಅವರಿಗೆ ಏದುಸಿರು ಬರುತ್ತಿರಲಿಲ್ಲ. ಬೂಟಿನ ಸದ್ದೂ ಕೇಳುತ್ತಿರಲಿಲ್ಲ.

"ಏನ್ರೀ ಬಾಯಾರ, ಆಡಾಕ ಬಂದೀರೋ, ಭವಿಷ್ಯ ಹೇಳಾಕ ಬಂದೀರೋ?" ಪಕ್ಕದ ಮನೆಯ ಕಾಕು ಬೆಂಚಿನಿಂದ ಕೂಗಿದರು. "ನನ್ನ ಮಗಳ ಲಗ್ನ ಯಾವಾಗ ಆಗತೈತಿ, ಅದನ್ನರ ಹೇಳ್ರಿ!"

ಎಲ್ಲರೂ ನಕ್ಕರು. ಎದುರಿನವರು ಕಾಕುವಿನ ಕಡೆ ತಿರುಗಿ ಬಾಯಿ ತೆರೆದರು. ಕಾಕು ಥಟ್ಟನೆ, "ಬ್ಯಾಡ, ಬ್ಯಾಡ್ರಿ" ಎಂದರು. ಆಮೇಲೆ ಯಾರೂ ನಗಲಿಲ್ಲ.

ಮೊದಲ ಸೆಟ್ ಸೋತೆ. ಎರಡನೆಯದರ ನಡುವೆ ಮಿಲ್ಲಿನ ಪಾಳಿ ಬದಲಾಗುವ ಸೈರನ್, ನಮ್ಮ ಭೋಂಗಾ, ಕೂಗಿತು. ಅದು ನಿಲ್ಲುವವರೆಗೆ ನಮ್ಮಲ್ಲಿ ಯಾರೂ ಚೆಂಡು ಹೊಡೆಯುವುದಿಲ್ಲ. ಒಳಗೋ ಹೊರಗೋ ಎಂದು ಕೂಗಿದ್ದು ಕೇಳಿಸದೆ ಜಗಳವಾಗುತ್ತದೆ. ಸುಮ್ಮನೆ ನಿಂತು ಅವರತ್ತ ನೋಡಿದೆ. ಆ ಸದ್ದಿನೊಳಗೂ ಅವರ ತುಟಿ ಆಡುತ್ತಲೇ ಇತ್ತು. ನನಗೆ ಏನೂ ಕೇಳಿಸಲಿಲ್ಲ.

ಭೋಂಗಾ ನಿಂತ ಮೇಲೂ ನಾನು ಆ ಸದ್ದನ್ನು ಬಿಡಲಿಲ್ಲ. ಅವರ ಮಾತು ಕಿವಿಗೆ ಬೀಳದಂತೆ, ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಅದೇ ಸ್ವರ ಹಿಡಿದು ಗುಂಯ್‌ಗುಟ್ಟುತ್ತ ಸರ್ವ್ ಮಾಡಿದೆ. ಅವರ ಮುಖ ನೋಡದೆ ಚೆಂಡಿನ ಮೇಲಿನ ಬಿಳಿ ಗೆರೆಯನ್ನಷ್ಟೇ ನೋಡಿದೆ. ಚೆಂಡು ಒಳಗೆ ಬಿತ್ತು. ಮುಂದಿನದೂ ಬಿತ್ತು. ಬಿಸಿಲು ಬಿದಿರಮೆಳೆಯ ಹಿಂದೆ ಇಳಿಯುವ ಹೊತ್ತಿಗೆ ಪಂದ್ಯ ನನ್ನದಾಗಿತ್ತು.

ನೆಟ್ಟಿನ ಬಳಿ ಕೈ ಕುಲುಕಿದೆವು. ಅಷ್ಟು ಆಡಿದ ಮೇಲೂ ಅವರ ಅಂಗೈ ಒಣಗಿ ತಣ್ಣಗಿತ್ತು.

"ಛಲೋ ಆಡಿದಿ," ಎಂದರು. ತುಟಿ ಅಲುಗಿತು. "ಧಾರವಾಡಕ್ಕ ಹೋಗಬ್ಯಾಡ, ತಂಗಿ."

"ಯಾಕ್ರೀ ಅಕ್ಕಾರ?"

ಅವರು ನನ್ನ ಕೈ ಬಿಡಲಿಲ್ಲ, ನಾನೇ ಬಿಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಆ ಮಾತನ್ನು ಅಮ್ಮನಿಗೆ ಹೇಳದೆ ಹಳಿಯಾಳದ ಮೇಲೆ ಹೋಗುವ ಧಾರವಾಡದ ಬಸ್ಸು ಹತ್ತಿದೆ. ಕಿಟಕಿಯ ಬದಿ ಖಾಲಿಯಿದ್ದರೂ, ಯಾವುದಕ್ಕೂ ಇರಲಿ ಎಂದು ಒಳಗಿನ ಸೀಟಿನಲ್ಲೇ ಕುಳಿತು, ಧಾರವಾಡಕ್ಕೇ ಟಿಕೆಟ್ ತೆಗೆಸಿದೆ.