ಹೆರ್ಮಾ ಇಲ್ಲದ ಪೀಪಾಯಿಗಳು

ವಿಯೆನ್ನಾದ ಟ್ರಾಮಿನ ಕೊನೆಯ ನಿಲ್ದಾಣದಲ್ಲಿಳಿದು ಒಂದು ಏರು ಹತ್ತಿದರೆ ಓಟ್ಮಾರ್ ಝೈಡ್ಲ್‌ನ ಅಂಗಳ. ಬಾಗಿಲ ಮೇಲೆ ಪೈನ್ ಟೊಂಗೆ ತೂಗುತ್ತಿದ್ದರೆ ವೈನ್ ಸಿಗುತ್ತದೆ; ಇಲ್ಲದಿದ್ದರೆ ಬೈಗುಳವಷ್ಟೇ. ತನ್ನ ದ್ರಾಕ್ಷಿತೋಟದ್ದು ಬಿಟ್ಟು ಬೇರೆ ತೋಟದ ವೈನ್ ಮಾರುವ ಹಾಗಿಲ್ಲ, ಕಾನೂನು. ಕಾನೂನಿಲ್ಲದಿದ್ದರೂ ಅವನು ಮಾರುತ್ತಿರಲಿಲ್ಲ, ಅಷ್ಟು ಜಂಬ. ನನಗೆ ಆ ಜಂಬ ಇಷ್ಟವಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಜ್ವರ ಬಂದು ಅವನ ಮೂಗು ಸತ್ತುಹೋಯಿತು. ವಾಸನೆಯಿಲ್ಲ, ರುಚಿಯಿಲ್ಲ. ಅವನ ಹೆಂಡತಿ ಹೆರ್ಮಾಗೂ ಹಳೆಯ ಗೆಳೆಯನಾದ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳು ನೆಲಮಾಳಿಗೆಗೆ ಇಳಿದು ಒಂದೊಂದು ಪೀಪಾಯಿಯ ರುಚಿ ನೋಡಿ ಹೇಳುವಳು, ಇವನು ಅದರಂತೆ ಕೆಲಸ ಮಾಡುವನು. ಗಿರಾಕಿಗಳ ಮುಂದೆ ಮಾತ್ರ ಲೋಟ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ತಲೆದೂಗುವನು. ಮಹಾ ನಾಟಕಗಾರ!

ಹೋದ ಚಳಿಗಾಲದಲ್ಲಿ ಹೆರ್ಮಾ ತೀರಿಕೊಂಡಳು. ಇನ್ನು ಟೊಂಗೆ ಏರುವುದಿಲ್ಲ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಏರಿತು. ಮೊದಲ ದಿನ ಮಧ್ಯಾಹ್ನವೇ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಲೋಟ ತುಂಬಿ ನನ್ನ ಮುಂದಿಟ್ಟು ಓಟ್ಮಾರ್ ಅಲ್ಲೇ ನಿಂತ.

"ಏ ಗಿಡೋ, ಕುಡಿ. ನನ್ ಮುಖ ಏನ್ ನೋಡ್ತೀಯಾ?"

ಬಾಯಿಗಿಟ್ಟೆ. ಗಂಟಲು ಸುಟ್ಟಿತು.

"ಹೇಗಿದೆ?"

"ನೀನು ಕುಡಿದು ನೋಡಿದ್ಯಾ?"

"ಮುದಿ ಕತ್ತೆ, ನಂಗೆ ಎಲ್ಲಾ ನೀರೇ ಅಲ್ವೇನೋ. ನೀನ್ ಹೇಳು."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸಂಜೆಗೆ ಪೇಟೆಯವರು ಬರುತ್ತಾರೆ, ಅವನೆದುರಿಗೇ ಉಗಿಯುತ್ತಾರೆ. ಅದಕ್ಕಿಂತ ನಾನೇ ಹೇಳುವುದು ವಾಸಿ ಅನಿಸಿತು.

"ವಿನೆಗರ್ ಆಗಿದೆ ಕಣೋ."

ಅವನು ನೆಲಮಾಳಿಗೆಯ ಕಡೆ ನಡೆದ. ಹಿಂದೆಯೇ ಇಳಿದೆ. ಒಂದೊಂದೇ ಪೀಪಾಯಿಯಿಂದ ತೆಗೆದುಕೊಟ್ಟ, ಒಂದೊಂದೇ ಗುಟುಕು ಕುಡಿದೆ. ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದ. ಕೊನೆಯ ಪೀಪಾಯಿಯ ಹೊತ್ತಿಗೆ ನೋಡುವುದನ್ನೂ ಬಿಟ್ಟ. ನನಗೆ ಅಲ್ಲೇ ಅಳು ಬಂತು.

ಮೇಲೆ ಬಂದು ಏಣಿ ತಂದ. ನಾನು ಹಿಡಿದುಕೊಂಡೆ, ಅವನು ಟೊಂಗೆ ಇಳಿಸಿದ. ಈ ವಯಸ್ಸಿನಲ್ಲಿ ಇಳಿಸಿದ್ದು ಮತ್ತೆ ಏರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಅಡುಗೆಮನೆಯಿಂದ ಒಂದು ತಟ್ಟೆ ತಂದು ನನ್ನ ಮುಂದಿಟ್ಟ. ಹುರಿದ ಹಂದಿಮಾಂಸ, ಅರ್ಧ ತಿಂದದ್ದು.

"ನಂಗೆ ಹಸಿವಿಲ್ಲ ಮಾರಾಯ."

"ತಿನ್ಬೇಡ, ಮೂಸಿ ನೋಡು ಸಾಕು," ಅಂದ. "ಕೆಟ್ಟಿದೆಯೋ ಇಲ್ವೋ ಹೇಳು. ಭಾನುವಾರದಿಂದ ಅದನ್ನೇ ತಿಂತಿದೀನಿ."