ಅಫಜಲಪುರದಲ್ಲಿ ಕಡಲ ಗಿಡ ಸಾಕಿದ್ದು

ನಾನು ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿದ ಮೂರನೆಯ ವರ್ಷ, ಎಂಬತ್ತರ ದಶಕದ ಆರಂಭದಲ್ಲಿ, ಮಕ್ಕಳನ್ನು ಕಾರವಾರಕ್ಕೆ ಪ್ರವಾಸ ಕರೆದುಕೊಂಡು ಹೋದೆವು. ಭೀಮಾ ಹೊಳೆಗಿಂತ ದೊಡ್ಡ ನೀರನ್ನು ಅಲ್ಲಿಯವರೆಗೆ ನಾನೂ ಕಂಡಿರಲಿಲ್ಲ. ಆದರೆ ಮಕ್ಕಳೆದುರು ಮಾಸ್ತರ ಬಾಯಿ ತೆರೆದುಕೊಂಡು ನಿಲ್ಲಬಹುದೇ? ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಉಬ್ಬರವಿಳಿತದ ಪಾಠ ಮಾಡಿದೆ. ಪಾಠ ಮುಗಿಯುವುದರೊಳಗೆ ಪಕ್ಕದಲ್ಲಿ ಬಿಟ್ಟಿದ್ದ ನನ್ನ ಒಂದು ಚಪ್ಪಲಿಯನ್ನು ತೆರೆ ಒಯ್ದಿತ್ತು.

ಅದನ್ನು ಹುಡುಕುತ್ತ ದಂಡೆಯುದ್ದಕ್ಕೂ ಹೋದಾಗ ಆ ಗಿಡ ಕಂಡಿತು. ಉಸುಕಿನ ಮೇಲೆ ಬಳ್ಳಿಯ ಹಾಗೆ ಹರಡಿತ್ತು. ಕೆಂಪು ಕಾಂಡ, ನೀರು ತುಂಬಿಕೊಂಡ ದಪ್ಪ ಎಲೆ, ನಡುನಡುವೆ ಚುಕ್ಕೆಯಂಥ ಗುಲಾಬಿ ಹೂವು. ಅಲ್ಲೇ ಮೀನು ಒಣಹಾಕುತ್ತಿದ್ದ ಹೆಂಗಸನ್ನು ಇದನ್ನು ಬೆಳೆಸುವುದು ಹೇಗೆ ಎಂದು ಕೇಳಿದೆ.

"ಅದನ್ನ ಯಾರೂ ಬೆಳೆಸೂದಿಲ್ಲ. ತನ್ನಷ್ಟಕ್ಕೇ ಬರ್ತದೆ" ಅಂದಳು.

ಓದು ಬರಹವಿಲ್ಲದವರ ಮಾತು ಎಂದು ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಲ್ಕು ಕಾಂಡ ಕಿತ್ತು ಹಸಿ ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಬರಿಗಾಲಲ್ಲಿ ಊರಿಗೆ ಮರಳಿದೆ.

ನಮ್ಮದು ಬಾಡಿಗೆ ಮನೆ. ಒಂದೇ ಅಂಗಳಕ್ಕೆ ಎರಡು ಸಂಸಾರ. ಒಂದು ಕಡೆ ನಾವು ಗಂಡ ಹೆಂಡತಿ. ಇನ್ನೊಂದು ಕಡೆ ಹೊಲಿಗೆ ಕೆಲಸ ಮಾಡುವ ಒಬ್ಬ ವಿಧವೆ. ಓಣಿಯವರೆಲ್ಲ ಅವರನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಖಾಲಾ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಅಂಗಳದ ನಡುವೆ ಒಂದು ಬಾವಿ. ಅದರ ನೀರು ಸವಳು; ಬೇಳೆ ಬೇಯುತ್ತಿರಲಿಲ್ಲ, ಸಬಕಾರ ನೊರೆ ಬಿಡುತ್ತಿರಲಿಲ್ಲ. ಕುಡಿಯುವ ಸಿಹಿನೀರಿಗೆ ನನ್ನ ಹೆಂಡತಿ ಬೆಳಿಗ್ಗೆ ಎದ್ದು ಓಣಿಯ ತುದಿಯ ನಳಕ್ಕೆ ಕೊಡ ಹಚ್ಚಬೇಕಿತ್ತು.

ಆ ಸಿಹಿನೀರನ್ನು ತೆಗೆದುಕೊಂಡು ನಾನು ಸಮುದ್ರ ತಯಾರಿಸಲು ಕುಳಿತೆ. ಶಾಲೆಯ ಪ್ರಯೋಗಶಾಲೆಯಿಂದ ತಕ್ಕಡಿ ತಂದು ಉಪ್ಪು ತೂಗಿ, ಅಳೆದ ನೀರಿನಲ್ಲಿ ಕರಗಿಸಿ, ಎರಡು ಸಲ ಸೋಸಿ ಬಾಟಲಿಗೆ ತುಂಬಿದೆ. ಕುಂಡಕ್ಕೆ ಭೀಮಾ ಹೊಳೆಯ ಉಸುಕು ಹಾಕಿದೆ. ದಿನಕ್ಕೆ ಮೂರು ಹೊತ್ತು ಚಮಚದಿಂದ ನೀರು ಕುಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಅಂದಳು:

"ಮನಷ್ಯಾರಿಗೆ ನಾ ಉಪ್ಪು ಕೈಅಂದಾಜಿಲೆ ಹಾಕ್ತೇನಿ. ನೀವು ಗಿಡಕ್ಕ ತಕ್ಕಡಿ ಹಚ್ಚೀರಿ. ಇರ್ಲಿ ಬಿಡ್ರಿ, ನಳದ ನೀರರ ನೀವ ತರ್ರಿ."

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಎಂದರೆ ಗೋಡೆಗೆ ಬೆನ್ನು ಕೊಟ್ಟರೆ ಬೆನ್ನು ಸುಡಬೇಕು. ಕಡಲ ಗಿಡಕ್ಕೆ ಕಡಲ ಗಾಳಿ ಬೇಡವೇ ಎಂದು ನನಗೆ ಹೊಳೆಯಿತು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಕುಂಡದ ಕಡೆ ತಿರುಗಿಸಿದೆ. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಬೆವರಿನಲ್ಲಿ ತೊಯ್ದು ಕೂತಿದ್ದಾಗ ಖಾಲಾ ಹೊಲಿದ ಕುಪ್ಪಸ ಕೊಡಲು ಬಂದರು. ಗಿಡದ ಮುಂದೆ ಗರಗರ ತಿರುಗುತ್ತಿದ್ದ ಫ್ಯಾನು ನೋಡಿ ಹೊಸ್ತಿಲಲ್ಲೇ ನಿಂತರು.

"ಮಾಸ್ತರ್ ಸಾಬ್, ಗಿಡಕ್ಕ ಸೆಕಿ ಆಗ್ಯಾದೇನ್ರಿ?"

ನಾನು ಕಡಲು, ಗಾಳಿ, ಲವಣಾಂಶ ಎಲ್ಲವನ್ನೂ ವಿವರಿಸಿದೆ. ಖಾಲಾ ಪೂರ್ತಿ ಕೇಳಿಸಿಕೊಂಡು ಬಾವಿಯ ಕಡೆ ಕೈ ಮಾಡಿದರು.

"ಹಂಗಾದ್ರ ಸಿಹಿನೀರಿಗೆ ಉಪ್ಪು ಹಾಕಿ ಸವಳು ಮಾಡೂದು ಯಾಕ್ರಿ? ಅಲ್ಲಾ ಕೊಟ್ಟ ಸವಳು ಅಂಗಳದಾಗನ ಅದ ಅಲ್ರಿ."

ಎರಡೂ ಲವಣಗಳಿಗೆ ಬಹಳ ವ್ಯತ್ಯಾಸವಿದೆ ಎಂದೆ. ಏನು ವ್ಯತ್ಯಾಸ ಎಂದು ಕೇಳಿಬಿಡುತ್ತಾರೋ ಎಂಬ ಭಯವಿತ್ತು. ಪುಣ್ಯಕ್ಕೆ ಕೇಳಲಿಲ್ಲ. "ಒಂದ್ ಟೊಂಗಿ ಕೊಡ್ರಿ, ನಾನೂ ಹಚ್ಚಿ ನೋಡ್ತೇನಿ" ಅಂದರು. ತರಬೇತಿ ಇಲ್ಲದವರಿಗೆ ಇಂಥ ಗಿಡ ಉಳಿಯುವುದಿಲ್ಲ ಎಂದು ಸೌಮ್ಯವಾಗಿಯೇ ತಿಳಿಸಿದೆ.

ತರಬೇತಿ ಇದ್ದವನ ಕೈಯಲ್ಲೂ ಅದು ಉಳಿಯುವ ಲಕ್ಷಣ ಕಾಣಲಿಲ್ಲ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತು. ಬುಡ ಕೊಳೆಯಿತು. ಬಾಡಿದ ಕಾಂಡಗಳನ್ನು ಕತ್ತರಿಸಿ ನಾನು ಅಂಗಳಕ್ಕೆ ಎಸೆಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕುಂಡದಲ್ಲಿ ಉಳಿದದ್ದು ಒಂದು ಕಡ್ಡಿ, ಮೂರು ಎಲೆ.

ಈ ನಡುವೆ ಸ್ಟಾಫ್ ರೂಮಿನಲ್ಲಿ ನಾನು ಬಹಳ ಮಾತಾಡಿಬಿಟ್ಟಿದ್ದೆ. ಹೆಡ್‌ಮಾಸ್ತರು ಅದನ್ನು ಗುಲಬರ್ಗಾದ ಶಿಕ್ಷಣ ಇಲಾಖೆಯ ಸಾಹೇಬರವರೆಗೆ ಮುಟ್ಟಿಸಿದ್ದರು. ಒಂದು ದಿನ ಕರೆದು, "ನಾಳಿ ಸಾಹೇಬ್ರು ಇನ್ಸ್‌ಪೆಕ್ಷನ್ನಿಗೆ ಬರ್ತಾರ. ನಿಮ್ಮ ಸಮುದ್ರದ ಗಿಡ ನೋಡ್ಬೇಕಂತ. ಊಟಾನೂ ನಿಮ್ಮ ಮನ್ಯಾಗ ಇಟ್ಟೇನಿ" ಅಂದರು.

ಮೂರು ಎಲೆ ಇಟ್ಟುಕೊಂಡು ಏನು ತೋರಿಸಲಿ? ಸಂಜೆ ಮನೆಗೆ ಬಂದು ಕೈಕಾಲು ತೊಳೆಯಲು ಬಾವಿಯ ಬಳಿ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಸವಳು ನೀರು ಹರಿದು ಹೋಗುವ ಜಾಗದಲ್ಲಿ, ನನ್ನ ಗಿಡ ಹಾಸಿಗೆ ಹಾಸಿದ ಹಾಗೆ ಬೆಳೆದಿತ್ತು. ಮೈತುಂಬ ಹೂವು. ಆರು ತಿಂಗಳಿಂದ ದಿನಾ ಅದರ ಪಕ್ಕದಲ್ಲೇ ಮುಖ ತೊಳೆದಿದ್ದೆ; ಕುಂಡದಲ್ಲಿ ಇಲ್ಲದ್ದನ್ನು ನಾನು ಗಿಡವೆಂದು ನೋಡಿಯೇ ಇರಲಿಲ್ಲ. ಬಗ್ಗಿ ಒಂದು ಹಿಡಿ ಕಿತ್ತೆ.

"ಮಾಸ್ತರ್ ಸಾಬ್, ಏನ್ ಮಾಡಾಕತ್ತೀರಿ?" ಹಿಂದೆ ಖಾಲಾ ನಿಂತಿದ್ದರು.

ಬೇರೆ ದಾರಿ ಇರಲಿಲ್ಲ; ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ನೀವು ಎಸದದ್ದ ನಾ ಹಚ್ಚೀನಿ. ನಿಮ್ಮದ ಅದು, ಒಯ್ರಿ. ಖರೇ ಬೇರು ಕೀಳಬ್ಯಾಡ್ರಿ" ಎಂದು ತಾವೇ ಕತ್ತರಿ ತಂದು ಒಳ್ಳೆಯ ಕಾಂಡ ಆರಿಸಿ ಕೊಟ್ಟರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಕಾಂಡಗಳನ್ನು ಕುಂಡದಲ್ಲಿ ಚುಚ್ಚಿ ಮರುದಿನ ಶಾಲೆಗೆ ಒಯ್ದಿಟ್ಟೆ. ಸಾಹೇಬರು ಕುಂಡದ ಸುತ್ತ ಎರಡು ಸುತ್ತು ಹಾಕಿದರು. ಬೆಳೆಸಿದ ವಿಧಾನ ಕೇಳಿದರು. ಸತ್ಯ ಹೇಳುವ ಅವಕಾಶ ಅಲ್ಲಿತ್ತು. ನಾನು ತಕ್ಕಡಿ, ಸೋಸಿದ ನೀರು, ಚಮಚ, ಫ್ಯಾನು ಎಲ್ಲ ಹೇಳಿದೆ. ಸಾಹೇಬರು "ವೈಜ್ಞಾನಿಕ ಪದ್ಧತಿ" ಎಂದು ವಿಸಿಟ್ ಪುಸ್ತಕದಲ್ಲಿ ಬರೆದರು.

ಊಟಕ್ಕೆ ಮನೆಗೆ ಬಂದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ, ಜೊತೆಗೆ ಬೇಳೆ ಹಾಕಿದ ಒಂದು ಪಲ್ಯ. ಸಾಹೇಬರು ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು.

"ಇದು ಯಾವ ಪಲ್ಯ ತಾಯಿ? ರುಚಿ ಬ್ಯಾರೇನ ಅದ."

"ಅದ ರೀ, ನೀವು ಸಾಲ್ಯಾಗ ನೋಡಿ ಬಂದ್ರಲ್ಲ, ಆ ಗಿಡ" ಅಂದಳು ನನ್ನ ಹೆಂಡತಿ. "ನಮ್ಮ ಖಾಲಾ ಕಲಿಸ್ಯಾರ. ಎಲಿನ ಉಪ್ಪುಪ್ಪು ಅದಾವು, ಬ್ಯಾರೆ ಉಪ್ಪು ಹಾಕೂದ ಬ್ಯಾಡ. ಇವ್ರೂ ಒಂದ್ ತಿಂಗಳಿಂದ ತಿನ್ನಾಕತ್ತಾರ."

ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು. ಹೆಡ್‌ಮಾಸ್ತರು ಛಾವಣಿ ನೋಡಿದರು. ಸಾಹೇಬರು ಸ್ವಲ್ಪ ಹೊತ್ತು ಅಗಿದು, ನುಂಗಿ, ತಾಟು ಮುಂದೆ ಸರಿಸಿದರು. "ಇನ್ನಷ್ಟು ಹಾಕ್ರಿ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ವಿಸಿಟ್ ಪುಸ್ತಕದಲ್ಲಿ ಬರೆದದ್ದು ಪಲ್ಯ ತಿಂದರೆ ಅಳಿಸಿಹೋಗುವುದಿಲ್ಲ. ತಿಂಗಳೊಳಗೆ ಮೇಲಿನಿಂದ ನಮೂನೆ ಬಂತು. ಗಿಡದ ಪ್ರಗತಿಯನ್ನು ಪ್ರತಿ ತಿಂಗಳು ವರದಿ ಮಾಡತಕ್ಕದ್ದು. ಒಂದು ಕಾಲಂ: ಎತ್ತರ, ಇಂಚುಗಳಲ್ಲಿ.

"ಇದು ಮ್ಯಾಲೆ ಏಳೂದಿಲ್ರಿ, ನೆಲದ ಮ್ಯಾಲೆ ಹರಡ್ತದ" ಎಂದು ಹೆಡ್‌ಮಾಸ್ತರಿಗೆ ಹೇಳಿದೆ.

"ಹರಡೂದಕ್ಕ ಕಾಲಂ ಇಲ್ಲ. ಎತ್ತರ ಬರೀರಿ."

ನಾಲ್ಕು ಇಂಚು ಎಂದು ಬರೆದೆ. ಮುಂದಿನ ತಿಂಗಳೂ ಅಷ್ಟೇ ಬರೆದರೆ ಪ್ರಗತಿ ಎಲ್ಲಿ? ಐದು ಬರೆದೆ. ನನಗೆ ಜೇವರ್ಗಿಗೆ ವರ್ಗವಾಗುವ ಹೊತ್ತಿಗೆ, ನೆಲಕ್ಕಂಟಿ ಮಲಗಿದ್ದ ಆ ಗಿಡ ಕಾಗದದ ಮೇಲೆ ಮೂರು ಫೂಟು ದಾಟಿತ್ತು.

ನನ್ನ ಜಾಗಕ್ಕೆ ಬಂದ ಹೊಸ ಮಾಸ್ತರ ಚಾರ್ಜು ತೆಗೆದುಕೊಳ್ಳುವಾಗ ರಿಜಿಸ್ಟರ್ ಓದಿ, ಗಿಡ ಎಲ್ಲಿ ಎಂದು ಕೇಳಿದ. ಅವನನ್ನು ಬಾವಿಯ ಬಳಿ ಕರೆದೊಯ್ದು ತೋರಿಸಿದೆ. ಅವನು ಒಮ್ಮೆ ನೆಲ ನೋಡಿದ, ಒಮ್ಮೆ ರಿಜಿಸ್ಟರ್ ನೋಡಿದ, ಕೊನೆಗೆ ನನ್ನ ಮುಖ ನೋಡಿದ. ಹುಡುಗ ನನಗಿಂತ ಜಾಣ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು, ಆ ತಿಂಗಳ ಕಾಲಮ್ಮಿನಲ್ಲಿ ನಾಲ್ಕು ಇಂಚು ಎಂದು ತುಂಬಿ, ಪಕ್ಕದಲ್ಲಿ ಷರಾ ಬರೆದ: "ಗಾಳಿಗೆ ಮಲಗಿದೆ."